15 ವಾರ, ದಿನಕ್ಕೊಂದು ಮುನ್ಸೂಚನೆ

ಮೊದಲ ತರಗತಿಯಲ್ಲಿ ಮೇಡಂ ಪಾಠ ಶುರು ಮಾಡಲಿಲ್ಲ. ಎಲ್ಲರ ಕೈಗೂ ಒಂದೊಂದು ಖಾಲಿ ನೋಟ್‌ಬುಕ್ ಕೊಟ್ಟರು. "ನಾಳೆ ಗರಿಷ್ಠ ತಾಪಮಾನ ಎಷ್ಟು, ಕನಿಷ್ಠ ಎಷ್ಟು, ಮಳೆ ಬರೋ ಸಾಧ್ಯತೆ ಶೇಕಡಾ ಎಷ್ಟು, ಬರೀರಿ" ಅಂದರು. ನಾವಿನ್ನೂ ಏನೂ ಓದಿರಲಿಲ್ಲ. ಹೇಗೆ ಬರೆಯೋದು ಮೇಡಂ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. "ಈಗ ಗೊತ್ತಿರೋದನ್ನ ಇಟ್ಟುಕೊಂಡೇ ಬರೀರಿ. ತಪ್ಪಾದ್ರೆ ಪರವಾಗಿಲ್ಲ. ಆದ್ರೆ ಬರೆದ ಮೇಲೆ ತಿದ್ದೋ ಹಾಗಿಲ್ಲ, ಅದೊಂದೇ ನಿಯಮ." ನಾನು 33, 22, ಮಳೆ ಶೇ. 50 ಎಂದು ಬರೆದೆ. ಆ 50 ಅನ್ನೋದು ನನಗೆ ಗೊತ್ತಿಲ್ಲ ಅನ್ನೋದರ ಇನ್ನೊಂದು ಹೆಸರು ಅಷ್ಟೇ.

ಹವಾಮಾನ ಮತ್ತು ವಾಯುಗುಣದ ಪರಿಚಯ ಕೋರ್ಸ್ ನನಗೆ ಹೀಗೆ ಶುರುವಾಯಿತು. ನನ್ನ ಮುಖ್ಯ ವಿಷಯ ಅರ್ಥಶಾಸ್ತ್ರ. ಡಿಗ್ರಿಗೆ ಒಂದಾದರೂ ವಿಜ್ಞಾನದ ಕೋರ್ಸ್ ಬೇಕಿತ್ತು, ಇದರಲ್ಲಿ ಗಣಿತ ಜಾಸ್ತಿ ಇಲ್ಲ ಎಂದು ಕೇಳಿ ಸೇರಿದ್ದೆ. ಅದು ನಿಜ, ಕೂಡಿಸೋದು ಗುಣಿಸೋದು ಬಂದರೆ ಸಾಕು. ಆದರೆ ಯೋಚನೆ ಮಾಡೋದು ಬಹಳ ಇದೆ. ಚಿಕ್ಕಂದಿನಿಂದ ನೋಡಿಕೊಂಡೇ ಬಂದ ವಿಷಯಗಳನ್ನು ಮತ್ತೆ ಮೊದಲಿಂದ ನೋಡಬೇಕಾಗುತ್ತದೆ.

ಎರಡನೇ ವಾರ ಅಂಕ ಕೊಡುವ ರೀತಿ ಹೇಳಿದರು. ನಮ್ಮನಮ್ಮಲ್ಲಿ ಪೈಪೋಟಿ ಇಲ್ಲ. ಪೈಪೋಟಿ ಇಬ್ಬರು ಎದುರಾಳಿಗಳ ಜೊತೆ. ಒಬ್ಬ ದಿನಾ "ನಾಳೆಯೂ ಇವತ್ತಿನ ಹಾಗೇ" ಅಂತಾನೆ. ಇನ್ನೊಬ್ಬ "ಈ ತಾರೀಕಿಗೆ 30 ವರ್ಷದ ಸರಾಸರಿ ಎಷ್ಟೋ ಅಷ್ಟೇ" ಅಂತಾನೆ. ಇಬ್ಬರೂ ತಲೆ ಎತ್ತಿ ಆಕಾಶ ನೋಡುವವರಲ್ಲ. ಅವರನ್ನು ಸೋಲಿಸಿದರೆ ಮಾತ್ರ ನಿಮಗೆ ಏನೋ ತಿಳಿದಿದೆ ಎಂದು ಅರ್ಥ ಅಂದರು ಮೇಡಂ. ನಿಜವಾದ ಮುನ್ಸೂಚನೆಗಳ ಗುಣಮಟ್ಟವನ್ನೂ ಹೀಗೆಯೇ ಅಳೆಯುತ್ತಾರಂತೆ.

ಕನ್ನಡದಲ್ಲಿ ನಾವು ಮಾತಾಡುವಾಗ ಹವಾಮಾನ, ವಾಯುಗುಣ ಎರಡಕ್ಕೂ ಹವಾಮಾನ ಅಂದುಬಿಡುತ್ತೇವೆ ಅಲ್ವಾ? ಹವಾಮಾನ ವರದಿ ಅನ್ನುತ್ತೇವೆ, ಹವಾಮಾನ ಬದಲಾವಣೆ ಅಂತಲೂ ಅನ್ನುತ್ತೇವೆ. ವಾಯುಗುಣ ಅನ್ನೋ ಪದ ಪಠ್ಯಪುಸ್ತಕದಲ್ಲೇ ಉಳಿದುಬಿಟ್ಟಿದೆ. ನನಗೆ ಈ ಎರಡರ ವ್ಯತ್ಯಾಸ ವ್ಯಾಖ್ಯಾನ ಓದಿ ತಿಳಿದದ್ದಲ್ಲ, ಈ ಇಬ್ಬರು ಎದುರಾಳಿಗಳಿಂದ ತಿಳಿದದ್ದು. ಮೊದಲನೆಯವನು ಇವತ್ತಿನ ದಿನವನ್ನು ಹಿಡಿದುಕೊಂಡವನು, ಅವನದು ಹವಾಮಾನ. ಎರಡನೆಯವನಿಗೆ ಇವತ್ತು ಏನಾಯಿತು ಅನ್ನೋದೇ ಬೇಕಿಲ್ಲ, 30 ವರ್ಷದ ಲೆಕ್ಕ ಬೇಕು. ಅವನದು ವಾಯುಗುಣ. ಈಗ ಬಳಕೆಯಲ್ಲಿರುವ ಲೆಕ್ಕ 1991ರಿಂದ 2020ರವರೆಗಿನದು.

ಮೊದಲ ಮೂರು ವಾರ ನಾನು ಇಬ್ಬರಿಗೂ ಸೋತೆ. ಗರಿಷ್ಠ ತಾಪಮಾನದಲ್ಲಿ ನನ್ನ ಸರಾಸರಿ ತಪ್ಪು 2.4 ಡಿಗ್ರಿ. "ಇವತ್ತಿನ ಹಾಗೇ" ಅನ್ನುವವನದು 1.6. ನೋಟ್‌ಬುಕ್ ತಿರುವಿ ನೋಡಿದಾಗ ಕಾರಣ ಕಾಣಿಸಿತು. ಸೆಕೆ ಅನಿಸಿದ ದಿನ ನಾಳೆಗೆ ಮೂರು ಡಿಗ್ರಿ ಸೇರಿಸುತ್ತಿದ್ದೆ, ಬೆಳಿಗ್ಗೆ ತಂಪೆನಿಸಿದರೆ ಮೂರು ಕಳೆಯುತ್ತಿದ್ದೆ. ನನ್ನ ಮೈಗೆ ಅನಿಸಿದ್ದನ್ನು ಬರೆಯುತ್ತಿದ್ದೆ, ಗಾಳಿಯನ್ನು ಓದುತ್ತಿರಲಿಲ್ಲ.

ಆ ಮೂರು ವಾರಗಳಲ್ಲಿ ಪಾಠ ಮಾತ್ರ ಓಡುತ್ತಿತ್ತು. ಗಾಳಿಗೆ ತೂಕ ಇದೆ ಅನ್ನೋದರಿಂದ ಶುರು. 1644ರಲ್ಲಿ ಇಟಲಿಯ ವಿಜ್ಞಾನಿ ಟೊರಿಚೆಲ್ಲಿ ಒಂದು ಪತ್ರದಲ್ಲಿ ನಾವು ಗಾಳಿಯ ಸಮುದ್ರದ ತಳದಲ್ಲಿ ಮುಳುಗಿ ಬದುಕಿದ್ದೇವೆ ಎಂದು ಬರೆದಿದ್ದ. ಸಮುದ್ರ ಮಟ್ಟದಲ್ಲಿ ಪ್ರತಿ ಚದರ ಮೀಟರ್ ಮೇಲೆ ನಿಂತಿರುವ ಗಾಳಿಯ ತೂಕ ಸುಮಾರು 10,000 ಕಿಲೋ. ಸುಮಾರು ಐದೂವರೆ ಕಿಲೋಮೀಟರ್ ಮೇಲೆ ಹೋದರೆ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಋತುಗಳ ಪಾಠವೂ ಆಗಲೇ ಬಂತು. ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರೋದು ಜನವರಿ ಮೊದಲ ವಾರದಲ್ಲಿ, ಆಗ ಉತ್ತರಾರ್ಧ ಗೋಳದಲ್ಲಿ ಚಳಿಗಾಲ. ಹಾಗಾಗಿ ದೂರ ಕಾರಣ ಅಲ್ಲ, ಭೂಮಿಯ ಅಕ್ಷದ 23.5 ಡಿಗ್ರಿಯ ಓರೆ ಕಾರಣ. ಇದನ್ನು ಶಾಲೆಯಲ್ಲೇ ಓದಿದ್ದೆವು, ಆದರೂ ತರಗತಿಯಲ್ಲಿ ಅರ್ಧ ಜನ ದೂರ ಎಂದೇ ಕೈ ಎತ್ತಿದರು. ನಾನೂ ಎತ್ತಿದೆ.

ನಾಲ್ಕನೇ ವಾರದಿಂದ ವಿಷಯ ನನ್ನನ್ನು ಹಿಡಿದುಕೊಂಡಿತು. ಅವತ್ತು ಪ್ರಾಕ್ಟಿಕಲ್. ಒಂದೇ ಹಿಡಿಗೆ ಕಟ್ಟಿದ ಎರಡು ಥರ್ಮಾಮೀಟರ್, ಒಂದರ ತುದಿಗೆ ಒದ್ದೆ ಬಟ್ಟೆ. ಅದನ್ನು ಒಂದೆರಡು ನಿಮಿಷ ಗಾಳಿಯಲ್ಲಿ ಗಿರಗಿರ ತಿರುಗಿಸಿ ಎರಡನ್ನೂ ಓದಬೇಕು. ಒದ್ದೆ ಬಟ್ಟೆಯ ನೀರು ಆರುತ್ತಾ ಶಾಖ ಎಳೆದುಕೊಳ್ಳುತ್ತದೆ, ಹಾಗಾಗಿ ಅದು ಕೆಳಗೆ ಇಳಿದಿರುತ್ತದೆ. ಗಾಳಿ ಒಣಗಿದ್ದಷ್ಟೂ ಎರಡರ ಅಂತರ ಜಾಸ್ತಿ. ಆ ಅಂತರವನ್ನು ಕೋಷ್ಟಕದಲ್ಲಿ ಹುಡುಕಿದರೆ ಇಬ್ಬನಿ ಬಿಂದು ಸಿಗುತ್ತದೆ. ಅಂದರೆ ಗಾಳಿಯನ್ನು ಎಷ್ಟು ಡಿಗ್ರಿಗೆ ತಣ್ಣಗೆ ಮಾಡಿದರೆ ಅದರಲ್ಲಿರುವ ಆವಿ ನೀರಾಗಲು ಶುರುವಾಗುತ್ತದೋ ಆ ತಾಪಮಾನ.

ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ಅಳೆದೆವು. ಬೆಳಿಗ್ಗೆ ತಾಪಮಾನ 21, ಸಾಪೇಕ್ಷ ಆರ್ದ್ರತೆ (ಆ ತಾಪಮಾನದಲ್ಲಿ ಇರಬಹುದಾದ ಗರಿಷ್ಠ ಆವಿಯಲ್ಲಿ ಈಗ ಇರೋದು ಶೇಕಡಾ ಎಷ್ಟು ಅನ್ನೋದು) ಶೇ. 94. ಮಧ್ಯಾಹ್ನ ತಾಪಮಾನ 34, ಆರ್ದ್ರತೆ ಶೇ. 44. ನಮ್ಮ ಗುಂಪಿನವರೆಲ್ಲ ಗಾಳಿ ಒಣಗಿತು ಎಂದು ಬರೆದೆವು. ಮೇಡಂ ಬಂದು, "ಇಬ್ಬನಿ ಬಿಂದು ಎಷ್ಟಿತ್ತು ನೋಡಿ" ಅಂದರು. ಎರಡು ಸಲವೂ 20. ಗಾಳಿಯಲ್ಲಿದ್ದ ಆವಿ ಒಂದು ಚೂರೂ ಕಡಿಮೆಯಾಗಿರಲಿಲ್ಲ. ತಾಪಮಾನ ಏರಿದ್ದಕ್ಕೆ ಶೇಕಡಾವಾರು ಲೆಕ್ಕ ಇಳಿದಿತ್ತು, ಅಷ್ಟೇ. ವರದಿಗಳಲ್ಲಿ ಆರ್ದ್ರತೆ ಶೇ. 90 ಎಂದು ಓದಿ ಇಷ್ಟು ವರ್ಷ ನಾನು ಏನು ಅಂದುಕೊಂಡಿದ್ದೆನೋ ಅದೆಲ್ಲ ಆ ಮಧ್ಯಾಹ್ನ ಕಳಚಿ ಬಿತ್ತು. ಬಿಸಿ ಗಾಳಿ ಸ್ಪಂಜಿನ ಹಾಗೆ ಜಾಸ್ತಿ ನೀರು ಹಿಡಿದುಕೊಳ್ಳುತ್ತದೆ ಅನ್ನೋ ಮಾತನ್ನೂ ಅವರು ಒಪ್ಪಲಿಲ್ಲ. ಗಾಳಿ ಏನನ್ನೂ ಹಿಡಿದುಕೊಳ್ಳೋದಿಲ್ಲ. ನೀರಿನ ಕಣಗಳು ಮೇಲ್ಮೈ ಬಿಟ್ಟು ಹೊರಗೆ ಹೋಗುತ್ತಾ ಇರುತ್ತವೆ, ಒಳಗೆ ಬರುತ್ತಾ ಇರುತ್ತವೆ, ಬಿಸಿ ಹೆಚ್ಚಾದರೆ ಹೋಗುವವು ಜಾಸ್ತಿ. ಅವತ್ತಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಇಬ್ಬನಿ ಬಿಂದುವಿಗೆ ಒಂದು ಹೊಸ ಸಾಲು ಬಂತು.

ಆಮೇಲೆ ಬಂದದ್ದು ಗಾಳಿಯ ಪಾರ್ಸಲ್. ಹೌದು, ಪಾರ್ಸಲ್ ಅಂತಲೇ ಕರೆಯುತ್ತಾರೆ, ಸುತ್ತಲಿನ ಗಾಳಿಯ ಜೊತೆ ಬೆರೆಯದೆ ಒಟ್ಟಾಗಿ ಏರುತ್ತದೆ ಎಂದು ಕಲ್ಪಿಸಿಕೊಂಡ ಒಂದು ಗಾಳಿಯ ಮುದ್ದೆ. ಇಡೀ ಕೋರ್ಸಿನಲ್ಲಿ ಒಂದೇ ಒಂದು ವಿಷಯ ಉಳಿಸಿಕೊಳ್ಳಿ ಅಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಮೇಲೆ ಹೋಗುವ ಗಾಳಿ ಯಾಕೆ ತಣ್ಣಗಾಗುತ್ತದೆ? ಮೇಲೆ ಚಳಿ ಇದೆ, ಅದಕ್ಕೆ ಎಂದು ನಾವು ಹೇಳಿದೆವು. ಅಲ್ಲ. ಮೇಲೆ ಒತ್ತಡ ಕಡಿಮೆ, ಹಾಗಾಗಿ ಗಾಳಿ ಹಿಗ್ಗುತ್ತದೆ. ಹಿಗ್ಗುವಾಗ ಸುತ್ತಲಿನ ಗಾಳಿಯನ್ನು ತಳ್ಳಬೇಕು. ಆ ಕೆಲಸಕ್ಕೆ ತನ್ನದೇ ಶಾಖ ಖರ್ಚಾಗುತ್ತದೆ. ಹೊರಗಿನಿಂದ ಯಾರೂ ತಣ್ಣಗೆ ಮಾಡಬೇಕಾಗಿಲ್ಲ. ಸೈಕಲ್ ಪಂಪ್ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುತ್ತದೆ, ಟೈರಿನ ಗಾಳಿ ಬಿಟ್ಟರೆ ಬೆರಳಿಗೆ ತಣ್ಣಗೆ ತಾಗುತ್ತದೆ. ಅದೇ ಇದು. ಇನ್ನೂ ಮೋಡವಾಗದ ಗಾಳಿ ಒಂದು ಕಿಲೋಮೀಟರ್ ಏರಿದರೆ ಸುಮಾರು 10 ಡಿಗ್ರಿ ಇಳಿಯುತ್ತದೆ. ಅದರ ಇಬ್ಬನಿ ಬಿಂದುವೂ ಇಳಿಯುತ್ತದೆ, ಆದರೆ ನಿಧಾನ, ಕಿಲೋಮೀಟರಿಗೆ ಸುಮಾರು 2 ಡಿಗ್ರಿ. ಎರಡೂ ಎಲ್ಲಿ ಸೇರುತ್ತವೋ ಅಲ್ಲಿ ಮೋಡದ ತಳ.

ಇದರಿಂದ ಒಂದು ಸುಲಭದ ಲೆಕ್ಕ ಬರುತ್ತದೆ. ತಾಪಮಾನಕ್ಕೂ ಇಬ್ಬನಿ ಬಿಂದುವಿಗೂ ಇರುವ ಅಂತರವನ್ನು 125ರಿಂದ ಗುಣಿಸಿದರೆ ಮೋಡದ ತಳ ಎಷ್ಟು ಮೀಟರ್ ಎತ್ತರದಲ್ಲಿದೆ ಎಂದು ಹೆಚ್ಚುಕಡಿಮೆ ಸಿಗುತ್ತದೆ. 30 ಮತ್ತು 20 ಇದ್ದರೆ ಅಂತರ 10, ಮೋಡ 1,250 ಮೀಟರಿನಲ್ಲಿ. ಮಧ್ಯಾಹ್ನದ ರಾಶಿ ಮೋಡಗಳನ್ನು ಗಮನಿಸಿದ್ದೀರಾ? ತಲೆ ಹೂಕೋಸಿನ ಹಾಗೆ ಉಬ್ಬಿರುತ್ತದೆ, ತಳ ಮಾತ್ರ ಗೆರೆ ಎಳೆದ ಹಾಗೆ ಚಪ್ಪಟೆ. ಎಲ್ಲಾ ಮೋಡಗಳ ತಳವೂ ಒಂದೇ ಎತ್ತರದಲ್ಲಿ. ಯಾಕೆಂದರೆ ಕೆಳಗಿಂದ ಏಳುವ ಗಾಳಿ ಎಲ್ಲಾ ಕಡೆ ಒಂದೇ ಥರದ್ದು, ಅದು ಒಂದೇ ಎತ್ತರಕ್ಕೆ ಬಂದಾಗ ಆವಿ ಹನಿಯಾಗುತ್ತದೆ. ಲೆಕ್ಕ ಮಾಡಿ ಹೊರಗೆ ಬಂದು ತಲೆ ಎತ್ತಿದಾಗ ಆ ಗೆರೆ ಅಲ್ಲೇ ಇತ್ತು. ನಾನು ತುಂಬಾ ಹೊತ್ತು ಸುಮ್ನೆ ನಿಂತುಬಿಟ್ಟೆ.

ಮೋಡ ಹುಟ್ಟಿದ ಮೇಲೆ ಕಥೆ ಬದಲಾಗುತ್ತದೆ. ಆವಿ ಹನಿಯಾಗುವಾಗ ಶಾಖ ಹೊರಗೆ ಬರುತ್ತದೆ, ಒಂದು ಲೀಟರ್ ನೀರಿಗೆ ಸುಮಾರು 25 ಲಕ್ಷ ಜೂಲ್. ಅಷ್ಟು ಶಾಖದಲ್ಲಿ ಏಳು ಲೀಟರ್ ತಣ್ಣೀರು ಕುದಿಯೋ ಮಟ್ಟಕ್ಕೆ ಬರುತ್ತದೆ. ಒಂದು ಮಿಲಿಮೀಟರ್ ಮಳೆ ಅಂದರೆ ಪ್ರತಿ ಚದರ ಮೀಟರಿಗೆ ಒಂದು ಲೀಟರ್. ಹಾಗಿದ್ದರೆ ಒಂದು ದೊಡ್ಡ ಮಳೆಯಲ್ಲಿ ಮೋಡದೊಳಗೆ ಎಷ್ಟು ಶಾಖ ಬಿಡುಗಡೆಯಾಗಿರಬೇಕು, ನೀವೇ ಲೆಕ್ಕ ಹಾಕಿ. ಈ ಶಾಖದಿಂದಾಗಿ ಮೋಡದೊಳಗಿನ ಗಾಳಿ ಅಷ್ಟು ಬೇಗ ತಣ್ಣಗಾಗೋದಿಲ್ಲ, ಕಿಲೋಮೀಟರಿಗೆ 5–6 ಡಿಗ್ರಿ ಮಾತ್ರ ಇಳಿಯುತ್ತದೆ. ಸುತ್ತಲಿನ ಗಾಳಿಗಿಂತ ಬೆಚ್ಚಗೆ ಇರುವಷ್ಟು ಕಾಲ ಅದು ಏರುತ್ತಲೇ ಇರುತ್ತದೆ, ಕೆಲವು ಸಲ 12 ಕಿಲೋಮೀಟರ್ ದಾಟಿ ಮೇಲೆ ಹೋಗುತ್ತದೆ. ಗುಡುಗು ಮಿಂಚಿನ ಮೋಡ ಅಂದರೆ ಇದೇ.

ಸುತ್ತಲಿನ ಗಾಳಿ ಎಷ್ಟು ಬಿಸಿ ಇದೆ ಎಂದು ತಿಳಿಯೋದಕ್ಕೆ ಬಲೂನ್ ಬಿಡುತ್ತಾರೆ. ಲೋಕದ ನೂರಾರು ಕಡೆಗಳಿಂದ, ದಿನಕ್ಕೆ ಎರಡು ಸಲ, ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ಬಲೂನಿಗೆ ನೇತುಹಾಕಿದ ಸಣ್ಣ ಪೆಟ್ಟಿಗೆ ಒತ್ತಡ, ತಾಪಮಾನ, ತೇವಾಂಶ ಎಲ್ಲವನ್ನೂ ರೇಡಿಯೋದಲ್ಲಿ ಕಳಿಸುತ್ತಾ 30 ಕಿಲೋಮೀಟರಿನ ಆಸುಪಾಸಿಗೆ ಹೋಗುತ್ತದೆ, ಅಲ್ಲಿ ಬಲೂನ್ ಒಡೆಯುತ್ತದೆ. ಆ ಅಂಕಿಗಳ ನಕ್ಷೆ ಓದೋದು ಕೋರ್ಸಿನ ಅತಿ ಕಷ್ಟದ ಭಾಗ. ಓರೆ ಗೆರೆಗಳು, ಬಾಗಿದ ಗೆರೆಗಳು, ಒಂದರ ಮೇಲೊಂದು. ನನಗೆ ಎರಡು ವಾರ ಏನೂ ಅರ್ಥವಾಗಲಿಲ್ಲ, ಒಂದು ಕಿರುಪರೀಕ್ಷೆಯಲ್ಲಿ 10ಕ್ಕೆ 3 ಬಂತು. ಆಮೇಲೆ ಗೆಳತಿಯೊಬ್ಬಳು ಒಂದು ಉಪಾಯ ಹೇಳಿಕೊಟ್ಟಳು. "ಎಲ್ಲಾ ಗೆರೆ ಒಟ್ಟಿಗೆ ನೋಡ್ಬೇಡ್ವೋ. ಕೆಳಗಿಂದ ಒಂದು ಪಾರ್ಸಲ್ ಬಿಡು, ಪೆನ್ಸಿಲ್‌ನಲ್ಲಿ ಅದರ ದಾರಿ ಎಳಿ, ಪ್ರತಿ ಎತ್ತರದಲ್ಲೂ ನಿಂತು, ನಾನು ಪಕ್ಕದವರಿಗಿಂತ ಬೆಚ್ಚಗಿದ್ದೀನಾ ಅಂತ ಕೇಳ್ಕೊ, ಸಾಕು." ಸಾಕಾಯಿತು. ಈ ಕೋರ್ಸ್ ಯಾರಾದರೂ ತೆಗೆದುಕೊಳ್ಳುತ್ತಿದ್ದರೆ ಅವಳ ಮಾತನ್ನೇ ಹೇಳುತ್ತೇನೆ, ಪೆನ್ಸಿಲ್ ಹಿಡಿದು ಕೈಯಲ್ಲೇ ಎಳೆಯಿರಿ, ಪರದೆ ಮೇಲೆ ನೋಡಿದರೆ ಕಣ್ಣಿಗೆ ಹತ್ತೋದಿಲ್ಲ.

ಏಳನೇ ವಾರದಲ್ಲಿ ಒಂದು ದಿನ ಬಹಳ ಸೆಕೆ. ಇಬ್ಬನಿ ಬಿಂದು 24. ಮಳೆ ಬಂದೇ ಬರುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಬಲೂನಿನ ನಕ್ಷೆ ನೋಡಿದೆ. ಸುಮಾರು 2 ಕಿಲೋಮೀಟರ್ ಎತ್ತರದಲ್ಲಿ ಒಂದು ಬೆಚ್ಚಗಿನ ಪದರ ಇತ್ತು, ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಕೆಳಗಿನ ಗಾಳಿ ಏರಿ ಅಲ್ಲಿಗೆ ಬಂದರೆ ತಾನೇ ಪಕ್ಕದವರಿಗಿಂತ ತಣ್ಣಗಿರುತ್ತದೆ, ಮುಂದೆ ಏರಲಾರದು. ಶೇ. 10 ಎಂದು ಬರೆದೆ. ಮರುದಿನ ಮಳೆ ಬರಲಿಲ್ಲ. ಅದರ ಮುಂದಿನ ದಿನ ನಕ್ಷೆಯಲ್ಲಿ ಮುಚ್ಚಳ ತೆಳ್ಳಗಾಗಿತ್ತು, ಶೇ. 70 ಬರೆದೆ, ಮರುದಿನ ಸಂಜೆ ಗುಡುಗಿ ಸುರಿಯಿತು. ಸೆಕೆ ಎರಡೂ ದಿನ ಒಂದೇ ಥರ ಇತ್ತು.

ಗಾಳಿ ಬೀಸುವ ದಿಕ್ಕಿನ ಪಾಠ ನನಗೆ ಅಷ್ಟು ಇಷ್ಟವಾಗಲಿಲ್ಲ. ಭೂಮಿ ತಿರುಗುವುದರಿಂದ ಉತ್ತರಾರ್ಧದಲ್ಲಿ ಗಾಳಿ ಬಲಕ್ಕೆ ವಾಲುತ್ತದೆ, ದಕ್ಷಿಣಾರ್ಧದಲ್ಲಿ ಎಡಕ್ಕೆ. ಉತ್ತರಾರ್ಧದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ಎಡಗಡೆ ಇರುತ್ತದೆ ಎಂದು 1857ರಲ್ಲೇ ಡಚ್ ವಿಜ್ಞಾನಿ ಬೈಸ್ ಬ್ಯಾಲಟ್ ಹೇಳಿದ್ದ. ವಾಯುಭಾರ ಕುಸಿತ ಎಂದು ಸುದ್ದಿಯಲ್ಲಿ ಕೇಳುವಾಗ ಈಗ ಆ ಸುತ್ತುವ ಗಾಳಿ ಕಣ್ಣಿಗೆ ಬರುತ್ತದೆ, ಅಷ್ಟು ಸಿಕ್ಕಿತು.

ಆದರೆ ಮುನ್ಸೂಚನೆಯ ಇತಿಹಾಸದ ಎರಡು ತರಗತಿಗಳನ್ನು ಮರೆಯಲಾರೆ. ಬ್ರಿಟಿಷ್ ವಿಜ್ಞಾನಿ ಲೂಯಿಸ್ ಫ್ರೈ ರಿಚರ್ಡ್‌ಸನ್ ಮೊದಲ ಮಹಾಯುದ್ಧದಲ್ಲಿ ಆಂಬುಲೆನ್ಸ್ ಪಡೆಯಲ್ಲಿ ಇದ್ದುಕೊಂಡು, ಬಿಡುವಿನಲ್ಲಿ ಕೈಯಲ್ಲೇ ಲೆಕ್ಕ ಹಾಕಿ ಆರು ಗಂಟೆಯ ಮುನ್ಸೂಚನೆ ತಯಾರಿಸಲು ಹೊರಟ. ತೆಗೆದುಕೊಂಡದ್ದು 1910ರ ಮೇ 20ರ ಅಂಕಿಗಳನ್ನು. ಉತ್ತರ ಬಂತು, ಆರು ಗಂಟೆಯಲ್ಲಿ ಒತ್ತಡ 145 ಹೆಕ್ಟೊಪ್ಯಾಸ್ಕಲ್ ಏರುತ್ತದೆ ಎಂದು. ನಿಜದಲ್ಲಿ ಅವತ್ತು ಒತ್ತಡ ಹೆಚ್ಚುಕಡಿಮೆ ಬದಲಾಗಿರಲೇ ಇಲ್ಲ. ಅವನು ಅದನ್ನು ಮುಚ್ಚಿಡಲಿಲ್ಲ, 1922ರಲ್ಲಿ ತಪ್ಪು ಉತ್ತರವನ್ನೂ ಸೇರಿಸಿಯೇ ಪ್ರಕಟಿಸಿದ. ಬರೆದ ಮೇಲೆ ತಿದ್ದುವ ಹಾಗಿಲ್ಲ ಅನ್ನೋ ನಮ್ಮ ನೋಟ್‌ಬುಕ್ಕಿನ ನಿಯಮ ನನಗೆ ಅವತ್ತು ಬೇರೆ ಥರ ಕಾಣಿಸಿತು. ಅವನ ದಾರಿ ಸರಿಯಿತ್ತು, ಶುರುವಿನ ಅಂಕಿಗಳಲ್ಲಿ ಒಂದಕ್ಕೊಂದು ಹೊಂದದ ಏರುಪೇರು ಇತ್ತು. ಅದನ್ನು ತೆಗೆದು ಅದೇ ಲೆಕ್ಕ ಮಾಡಿದರೆ ಒಪ್ಪುವಂಥ ಉತ್ತರ ಬರುತ್ತದೆ ಎಂದು ಬಹಳ ವರ್ಷಗಳ ನಂತರ ತೋರಿಸಿದರು. 1950ರಲ್ಲಿ ಎನಿಯಾಕ್ ಕಂಪ್ಯೂಟರಿನಲ್ಲಿ ಮೊದಲ ಸಲ ಇಂಥ ಲೆಕ್ಕ ಕೈಗೂಡಿದಾಗ, 24 ಗಂಟೆಯ ಮುನ್ಸೂಚನೆಗೆ ಸುಮಾರು 24 ಗಂಟೆಯೇ ಹಿಡಿಯಿತು.

ಇನ್ನೊಂದು ತರಗತಿ ಹವಾಮಾನ ವಿಜ್ಞಾನಿ ಎಡ್ವರ್ಡ್ ಲೊರೆಂಜ್ ಬಗ್ಗೆ. 1961ರಲ್ಲಿ ಅವನು ಕಂಪ್ಯೂಟರಿನಲ್ಲಿ ಹವಾಮಾನದ ಒಂದು ಲೆಕ್ಕವನ್ನು ಮತ್ತೆ ಓಡಿಸುವಾಗ 0.506127 ಬದಲು 0.506 ಎಂದು ಕೊಟ್ಟ. ಸ್ವಲ್ಪ ಕಾಲ ಎರಡೂ ಒಟ್ಟಿಗೇ ನಡೆದವು, ಆಮೇಲೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬೇರೆಯಾದವು. ಅದಕ್ಕೇ ಈಗ ಒಂದೇ ಲೆಕ್ಕ ಮಾಡಿ ಕೈತೊಳೆದುಕೊಳ್ಳೋದಿಲ್ಲ. ಶುರುವಿನ ಅಂಕಿಗಳನ್ನು ಚೂರು ಚೂರು ಬದಲಾಯಿಸಿ ಹತ್ತಾರು ಸಲ ಓಡಿಸುತ್ತಾರೆ. 50ರಲ್ಲಿ 15 ಸಲ ಮಳೆ ಬಂದರೆ ಸುಮಾರು ಶೇ. 30. ಮೊಬೈಲಿನಲ್ಲಿ ಕಾಣುವ ಶೇಕಡಾ ಅಂಕಿಯ ಹಿಂದೆ ಇರೋದು ಬಹುಮಟ್ಟಿಗೆ ಇಂಥ ಎಣಿಕೆಯೇ.

ಹತ್ತು ದಿನದ ಮೇಲೆ ಹೇಳಲಾಗದವರು 50 ವರ್ಷದ ವಾಯುಗುಣ ಹೇಗೆ ಹೇಳುತ್ತಾರೆ? ಈ ಪ್ರಶ್ನೆ ನಾನೇ ಕೇಳಿದೆ, ಮನಸ್ಸಿನಲ್ಲಿ ಬಹಳ ದಿನದಿಂದ ಇತ್ತು. ಮೇಡಂ, "ನಿಮ್ಮ ಎರಡನೇ ಎದುರಾಳಿಯನ್ನ ಕೇಳಿ" ಅಂದರು. ಆರು ತಿಂಗಳ ನಂತರದ ಒಂದು ಮಂಗಳವಾರ ಮಳೆ ಬರುತ್ತಾ ಎಂದು ಅವನಿಗೆ ಗೊತ್ತಿಲ್ಲ. ಆದರೆ ಆ ತಿಂಗಳು ಈ ತಿಂಗಳಿಗಿಂತ ಬಿಸಿಯೋ ತಂಪೋ ಎಂದು ಗಟ್ಟಿಯಾಗಿ ಹೇಳುತ್ತಾನೆ. ಯಾಕೆಂದರೆ ಅದು ಭೂಮಿಗೆ ಬರುವ ಮತ್ತು ಭೂಮಿಯಿಂದ ಹೋಗುವ ಶಾಖದ ಲೆಕ್ಕ, ಒಂದೊಂದು ಮೋಡದ ಲೆಕ್ಕ ಅಲ್ಲ. ಶಾಖ ತಡೆಯುವ ಅನಿಲಗಳೇ ಇಲ್ಲದಿದ್ದರೆ ಭೂಮಿಯ ಸರಾಸರಿ ಸುಮಾರು ಮೈನಸ್ 18 ಡಿಗ್ರಿ ಇರುತ್ತಿತ್ತು, ಈಗ ಇರೋದು ಸುಮಾರು 15. ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ಕೊಳವೆ ಬಿಸಿಲಿನಲ್ಲಿ ಹೆಚ್ಚು ಕಾಯುತ್ತದೆ ಎಂದು ಅಮೆರಿಕದ ವಿಜ್ಞಾನಿ ಯೂನಿಸ್ ಫುಟ್ 1856ರಲ್ಲೇ ತೋರಿಸಿದ್ದರು. ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ವಿಜ್ಞಾನಿ ಕೀಲಿಂಗ್ 1958ರಲ್ಲಿ ಈ ಅನಿಲವನ್ನು ಅಳೆಯಲು ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಅದರ ಕಣ ಸುಮಾರು 315 ಇತ್ತು, ಈಗ 420 ದಾಟಿದೆ.

ಪ್ರಾಕ್ಟಿಕಲ್‌ನಲ್ಲಿ ಒಂದು ಹವಾಮಾನ ಕೇಂದ್ರದ ಎರಡು ಲೆಕ್ಕ ಕೊಟ್ಟರು, 1961–1990 ಮತ್ತು 1991–2020. ದಿನದ ಗರಿಷ್ಠ ತಾಪಮಾನಗಳನ್ನೆಲ್ಲ ಗೀಟು ಹಾಕಿ ಎಣಿಸಿ ಗುಡ್ಡದಂಥ ಎರಡು ಚಿತ್ರ ಬರೆಯಬೇಕು. ಸರಾಸರಿ ಸರಿದದ್ದು ಒಂದು ಡಿಗ್ರಿಗೂ ಕಡಿಮೆ. ಇಷ್ಟೇನಾ ಅನಿಸಿತು. ಆಮೇಲೆ ಬಲಗಡೆಯ ತುದಿಯಲ್ಲಿ ತೀರಾ ಬಿಸಿ ದಿನಗಳನ್ನು ಎಣಿಸಿದೆ, ಹೆಚ್ಚುಕಡಿಮೆ ಎರಡರಷ್ಟಾಗಿದ್ದವು. ಗುಡ್ಡ ಚೂರು ಸರಿದರೂ ಅದರ ಕಾಲು ಎಷ್ಟು ದೂರ ಚಾಚಿಕೊಳ್ಳುತ್ತದೆ ಅನ್ನೋದನ್ನು ನನ್ನ ಕೈಯ ಗೀಟುಗಳಲ್ಲೇ ನೋಡಿದೆ. ಪಕ್ಕದಲ್ಲಿದ್ದ ಗೆಳತಿಯೂ ಎಣಿಸೋದು ನಿಲ್ಲಿಸಿ ನನ್ನ ಹಾಳೆ ನೋಡುತ್ತಿದ್ದಳು. ಇಬ್ಬರೂ ಏನೂ ಮಾತಾಡಲಿಲ್ಲ.

ಕೊನೆಯ ವಾರಗಳಲ್ಲಿ ಕನಿಷ್ಠ ತಾಪಮಾನ ನನ್ನ ಕೈಗೆ ಹತ್ತಿತು. ಮೋಡ ಇದ್ದರೆ ರಾತ್ರಿ ಬೆಚ್ಚಗೆ, ಆಕಾಶ ಶುಭ್ರವಾಗಿದ್ದು ಗಾಳಿ ನಿಂತಿದ್ದರೆ ನೆಲದ ಶಾಖ ನೇರ ಮೇಲೆ ಹೋಗುತ್ತದೆ, ತಾಪಮಾನ ಇಬ್ಬನಿ ಬಿಂದುವಿನ ಹತ್ತಿರದವರೆಗೂ ಇಳಿಯುತ್ತದೆ. ಹಿಂದಿನ ದಿನ ಮಳೆ ಬಂದು ನೆಲ ಒದ್ದೆ ಇದ್ದ ಒಂದು ರಾತ್ರಿ, ಕನಿಷ್ಠ 17, ಬೆಳಿಗ್ಗೆ ದಟ್ಟ ಮಂಜು ಎಂದು ಬರೆದೆ. ಐದೂವರೆಗೆ ಎದ್ದು ಬಾಗಿಲು ತೆಗೆದೆ. ಎದುರಿಗೆ ಬೀದಿ ದೀಪದ ಕಂಬ ಕಾಣಿಸುತ್ತಿರಲಿಲ್ಲ, ಅದರ ಬೆಳಕು ಮಾತ್ರ ಗಾಳಿಯಲ್ಲಿ ಹರಡಿಕೊಂಡಿತ್ತು. ಗೆಳತಿಗೆ ಫೋನ್ ಮಾಡಿ ಎಬ್ಬಿಸಿದೆ.

ಕೊನೆಗೆ ಗರಿಷ್ಠ ತಾಪಮಾನದಲ್ಲಿ ನನ್ನ ಸರಾಸರಿ ತಪ್ಪು, ಎಂಟನೇ ವಾರದಿಂದ ಲೆಕ್ಕ ಹಾಕಿದರೆ, 1.3ಕ್ಕೆ ಇಳಿದಿತ್ತು. ಮೊದಲ ಎದುರಾಳಿಯದು 1.7, ಎರಡನೆಯವನದು 2.1. ಮಳೆಯ ಲೆಕ್ಕ ಉಳಿದಿತ್ತು. ಕೊನೆಯ ದಿನಕ್ಕೆ ನಾನು ಶೇ. 30 ಬರೆದಿದ್ದೆ, ಮಳೆ ಬಂತು. ತಪ್ಪಾಯ್ತು ಮೇಡಂ ಅಂದೆ. "ಒಂದು ದಿನ ನೋಡಿ ಅದನ್ನ ಹೇಳೋಕಾಗಲ್ಲ. ಶೇ. 30 ಅಂತ ಬರೆದ ದಿನಗಳನ್ನೆಲ್ಲ ಒಟ್ಟು ಮಾಡಿ ನೋಡಿ" ಅಂದರು. ಅಲ್ಲೇ ಕೂತು ಪುಟ ತಿರುವಿ ಎಣಿಸಿದೆ. ಶೇ. 30 ಎಂದು 13 ದಿನ ಬರೆದಿದ್ದೆ, ಅವುಗಳಲ್ಲಿ 5 ದಿನ ಮಳೆ ಬಂದಿತ್ತು. ನಾಲ್ಕು ದಿನ ಬಂದಿದ್ದರೆ ನನ್ನ ಅಂಕಿಗೆ ಹೊಂದುತ್ತಿತ್ತು. ಮೇಡಂ ನೋಟ್‌ಬುಕ್ ತೆಗೆದುಕೊಂಡು, ಆ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ "5/13, ಹತ್ತಿರ ಇದೆ" ಎಂದು ಬರೆದು ವಾಪಸ್ ಕೊಟ್ಟರು.